ಸಿಂಪಿ ಹೊತ್ತ ಯುದ್ಧನೌಕೆ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮಂದಿರು ಅಲ್ಲಿ ಏನೇನು ನೋಡಬೇಕು ಎಂಬುದನ್ನು ಯಾರೋ ಹಿರಿಯರು ಎಂದೋ ನಿಶ್ಚಯಿಸಿಬಿಟ್ಟಿದ್ದಾರೆ. ನಯಾಗರಾ ಜಲಪಾತ, ಸ್ವಾತಂತ್ರ್ಯದೇವಿಯ ಪ್ರತಿಮೆ, ಒಂದು ವೆಂಕಟರಮಣನ ಗುಡಿ, ಒಂದು ಕಾಸ್ಟ್‌ಕೊ ಅಂಗಡಿ. ಇಷ್ಟನ್ನೂ ಮುಗಿಸಿ, ಒಂದೊಂದರ ಮುಂದೂ ಸ್ವೆಟರ್ ತೊಟ್ಟು ನಿಂತ ಫೋಟೊ ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದರೆ ಯಾತ್ರೆ ಸಂಪನ್ನ. ನ್ಯೂ ಆರ್ಲಿಯನ್ಸ್ ಈ ಪಟ್ಟಿಯಲ್ಲಿಲ್ಲ. ನಾವು ಅಲ್ಲಿಗೆ ಹೋದದ್ದು ಅಳಿಯನಿಗೆ ಆಫೀಸಿನ ಕೆಲಸವಿತ್ತು, ಹೋಟೆಲಿನ ರೂಮು ಹೇಗೂ ಕಂಪನಿಯ ಲೆಕ್ಕದ್ದು ಎಂಬ ಘನವಾದ ಕಾರಣಕ್ಕೆ.

ಹೆಂಡತಿ, ಮಗಳು ಅಂಗಡಿಬೀದಿಗೆ ಹೊರಟರು. ನಾನು ಎರಡನೇ ಮಹಾಯುದ್ಧದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಕಡೆ ಹೊರಟೆ. ಯುದ್ಧದಲ್ಲಿ ನನಗೇನೋ ವಿಶೇಷ ಆಸಕ್ತಿ ಇದೆಯೆಂದು ಯಾರೂ ಭಾವಿಸಬೇಕಾಗಿಲ್ಲ. ದೀಪಾವಳಿಯಲ್ಲಿ ಲಕ್ಷ್ಮಿ ಪಟಾಕಿಗೆ ಊದುಬತ್ತಿ ಮುಟ್ಟಿಸುವಾಗಲೂ ಮುಖವನ್ನು ಬೇರೆ ದಿಕ್ಕಿಗೆ ತಿರುಗಿಸಿ, ಒಂದು ಕಾಲನ್ನು ಆಗಲೇ ಓಟಕ್ಕೆ ಅಣಿಮಾಡಿಕೊಂಡು ನಿಲ್ಲುವವನು ನಾನು. ಆದರೆ ಅರವತ್ತು ದಾಟಿದವರಿಗೆ ಮ್ಯೂಸಿಯಮ್ಮಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ತಣ್ಣಗಿರುತ್ತದೆ, ಅಲ್ಲಲ್ಲಿ ಬೆಂಚಿರುತ್ತದೆ, ಶೌಚಾಲಯ ಚೊಕ್ಕಟವಾಗಿರುತ್ತದೆ. ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರೂ ನೋಡಿದವರು ಇವರು ಚರಿತ್ರೆಯನ್ನು ಧ್ಯಾನಿಸುತ್ತಿದ್ದಾರೆ ಎಂದುಕೊಂಡು ಸದ್ದಿಲ್ಲದೆ ಮುಂದೆ ಹೋಗುತ್ತಾರೆ.

ಆ ದಿನ ನನಗೆ ನಿದ್ದೆ ಬರದಂತೆ ಮಾಡಿದ್ದು ಒಂದು ಮರದ ದೋಣಿ. ಹೆಸರು ಪಿಟಿ-305. ಪಿಟಿ ಎಂದರೆ ಟಾರ್ಪಿಡೊ ಎಂಬ, ನೀರೊಳಗೆ ಸಾಗಿ ಹಡಗನ್ನು ಸಿಡಿಸುವ ಗುಂಡನ್ನು ಬಿಡುವ ಗಸ್ತು ದೋಣಿ. ಉದ್ದ 78 ಅಡಿ, ಅಗಲ 20 ಅಡಿ. ಇದೇ ಊರಿನ ಹಿಗ್ಗಿನ್ಸ್ ಕಾರ್ಖಾನೆಯಲ್ಲಿ 1943ರಲ್ಲಿ ತಯಾರಾದದ್ದು. ಯುದ್ಧನೌಕೆ ಎಂದರೆ ಉಕ್ಕಿನ ಕೋಟೆ, ಅದರ ಮೇಲೆ ತಾಳೆಮರದುದ್ದದ ಫಿರಂಗಿ ಎಂದು ನಂಬಿದ್ದ ನನಗೆ ಇದನ್ನು ನೋಡಿ ಮೊದಲು ಅನ್ನಿಸಿದ್ದು, ಅಯ್ಯೋ ಇದು ಮರ ಅಲ್ಲವೇ ಎಂದು. ಹಡಗಿನ ಮೈಗೆ ಮಹಾಗನಿಯ ಎರಡು ಪದರದ ಹಲಗೆ, ನಡುವೆ ಅಂಟು ಹಚ್ಚಿದ ಕ್ಯಾನ್ವಾಸ್ ಬಟ್ಟೆ. ಗುಂಡು ತಗುಲಿದರೆ ಒಂದು ಬದಿಯಿಂದ ಒಳಹೊಕ್ಕು ಇನ್ನೊಂದು ಬದಿಯಿಂದ ಯಾರನ್ನೂ ಕೇಳದೆ ಹೊರಟುಹೋಗುವಷ್ಟು ತೆಳುವು. ಈ ಮೈಯೊಳಗೆ ಪ್ಯಾಕಾರ್ಡ್ ಕಂಪನಿಯ ಮೂರು ಇಂಜಿನ್ನು, ಒಂದೊಂದಕ್ಕೆ ಹನ್ನೆರಡು ಸಿಲಿಂಡರು. ಪ್ಯಾಕಾರ್ಡ್ ಎಂದರೆ ಆ ಕಾಲದಲ್ಲಿ ಶ್ರೀಮಂತರ ಕಾರು. ಇಂಜಿನ್ನು ಕುಡಿಯುತ್ತಿದ್ದುದು ಡೀಸೆಲನ್ನಲ್ಲ, ವಿಮಾನಕ್ಕೆ ಹಾಕುವಂಥ 100 ಆಕ್ಟೇನ್ ಪೆಟ್ರೋಲನ್ನು. ಅದನ್ನು 3,000 ಗ್ಯಾಲನ್, ಅಂದರೆ ಹನ್ನೊಂದು ಸಾವಿರ ಲೀಟರಿಗೂ ಹೆಚ್ಚು, ಹೊಟ್ಟೆಯಲ್ಲಿ ತುಂಬಿಕೊಂಡು, ಅದರ ಮೇಲೆ ಒಂದಷ್ಟು ಹುಡುಗರನ್ನು ಕೂರಿಸಿಕೊಂಡು, ಶತ್ರುವಿನ ಫಿರಂಗಿಯ ಕಡೆಗೆ ಓಡುವುದು ಈ ದೋಣಿಯ ನೌಕರಿ.

ಅಲ್ಲಿ ವಿವರಿಸಲು ನಿಂತಿದ್ದ ಸ್ವಯಂಸೇವಕರು ನನ್ನ ಓರಗೆಯವರು. ಬಿಳಿ ಮೀಸೆ, ದಪ್ಪ ಕನ್ನಡಕ. ಯಾರಾದರೂ ಏನಾದರೂ ಕೇಳಲಿ ಎಂಬ ಆಸೆ ಮುಖದ ಮೇಲೆ ಬರೆದಿತ್ತು. ಕನ್ನಡನಾಡಿನಲ್ಲಿ ಹುಟ್ಟಿ, ಹಳೇ ಸ್ಕೂಟರಿನಿಂದ ಹಿಡಿದು ಅಳಿಯನ ಹೊಸ ಕಾರಿನ ತನಕ ಎಲ್ಲ ವಾಹನಕ್ಕೂ ಮೊದಲು ಕೇಳುವ ಪ್ರಶ್ನೆಯನ್ನೇ ನಾನು ಇದಕ್ಕೂ ಕೇಳಿದೆ: ಎಷ್ಟು ಮೈಲೇಜು ಕೊಡುತ್ತೆ? ಆತ ನಕ್ಕರು. ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 500 ಗ್ಯಾಲನ್ ಬೇಕಾಗುತ್ತಿತ್ತು ಎಂದರು. ವೇಗ ಸುಮಾರು 40 ನಾಟ್, ಎಂದರೆ ಗಂಟೆಗೆ 74 ಕಿಲೋಮೀಟರು. ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಕಿಲೋಮೀಟರಿಗೆ ಇಪ್ಪತ್ತೈದು ಲೀಟರು! ಲೀಟರಿಗೆ ನಲವತ್ತು ಮೀಟರು. ನಮ್ಮ ಮನೆಯಿಂದ ಬೀದಿಯ ಕೊನೆಯ ಹಾಲಿನ ಬೂತಿಗೆ ಹೋಗಿಬರುವಷ್ಟರಲ್ಲಿ ತಿಂಗಳ ಪಿಂಚಣಿಯಲ್ಲಿ ಒಂದು ಭಾಗ ಹೊಗೆಯಾಗಿರುತ್ತಿತ್ತು. ಈ ದೋಣಿಯನ್ನು ನನಗೆ ಬಿಟ್ಟಿ ಕೊಟ್ಟರೂ ಬೇಡವೆಂದು ಆ ಕ್ಷಣವೇ ತೀರ್ಮಾನಿಸಿದೆ. ಕೊಡುವವರು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.

ಇಷ್ಟು ಪೆಟ್ರೋಲು ಕುಡಿದು ಇದು ಮಾಡುತ್ತಿದ್ದುದೇನು? ರಾತ್ರಿ ಕತ್ತಲಲ್ಲಿ ಹೊರಡುವುದು, ಇಂಜಿನ್ನಿನ ಸದ್ದಡಗಿಸಿ ಮೆಲ್ಲನೆ ಹತ್ತಿರ ಸರಿಯುವುದು, ಟಾರ್ಪಿಡೊ ಬಿಡುವುದು, ಬಿಟ್ಟ ತಕ್ಷಣ ಹೊಗೆಯ ಪರದೆ ಎಬ್ಬಿಸಿ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡುವುದು. ಯುದ್ಧದ ಮೊದಲ ವರ್ಷಗಳಲ್ಲಿ ಇವುಗಳಿಗೆ ಕೊಟ್ಟಿದ್ದ ಟಾರ್ಪಿಡೊಗಳು ಹಳೆಯ ದಾಸ್ತಾನಿನವು. ಕೊಳವೆಯಿಂದ ಅವನ್ನು ಮದ್ದಿನ ಬಲದಿಂದ ಹೊರಗೆ ತಳ್ಳಬೇಕಿತ್ತು. ತಳ್ಳುವಾಗ ಭಗ್ಗೆಂದು ಬೆಳಕಾಗಿ, ಇಷ್ಟುಹೊತ್ತು ಕಷ್ಟಪಟ್ಟು ಕಾಪಾಡಿಕೊಂಡು ಬಂದಿದ್ದ ಕತ್ತಲೆಯೆಲ್ಲ ಹಾಳಾಗುತ್ತಿತ್ತು. ಆಮೇಲೆ ವಿಮಾನದಿಂದ ಬೀಳಿಸುವಂಥ ಟಾರ್ಪಿಡೊಗಳನ್ನೇ ಅಂಚಿನಲ್ಲಿಟ್ಟು, ಸುಮ್ಮನೆ ನೀರಿಗೆ ಉರುಳಿಸುವ ಸುಲಭೋಪಾಯ ಕಂಡುಕೊಂಡರು. ಟನ್ ತೂಕದ ಸಿಡಿಗುಂಡನ್ನು ಕಾಲಿನ ಪಕ್ಕದಿಂದಲೇ ಉರುಳಿಸುವುದಕ್ಕೆ ಸುಲಭ ಎನ್ನಬಹುದಾದರೆ. 305 ಹೋದದ್ದು ಮೆಡಿಟರೇನಿಯನ್ ಸಮುದ್ರಕ್ಕೆ. ಇಟಲಿಯ ಹಾಗೂ ದಕ್ಷಿಣ ಫ್ರಾನ್ಸಿನ ಕರಾವಳಿಯಲ್ಲಿ ರಾತ್ರಿ ಪಾಳಿ ಮಾಡಿ ಶತ್ರುವಿನ ಮೂರು ಹಡಗುಗಳನ್ನು ಮುಳುಗಿಸಿತು. ನಾವಿಕರು ಇದಕ್ಕೆ ಸಡನ್ ಜರ್ಕ್ ಎಂದು ಅಡ್ಡಹೆಸರಿಟ್ಟಿದ್ದರಂತೆ. ನಮ್ಮ ಸಿಟಿ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ ಯಾರಿಗೂ ಆ ಹೆಸರಿನ ಹಿಂದಿನ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದನ್ನು ಕಟ್ಟಿಸಿದ ಆಂಡ್ರೂ ಹಿಗ್ಗಿನ್ಸ್ ಮೂಲತಃ ಮರದ ವ್ಯಾಪಾರಿ. ಲೂಸಿಯಾನದ ಜೌಗಿನಲ್ಲಿ ಬೇಟೆಗಾರರಿಗೆ, ಎಣ್ಣೆ ಬಾವಿ ಕೊರೆಯುವವರಿಗೆ ಮೊಣಕಾಲುದ್ದ ನೀರಿನಲ್ಲೂ ಓಡಾಡುವ ದೋಣಿ ಮಾಡಿಕೊಡುತ್ತಿದ್ದ. ಪಾನನಿಷೇಧದ ಕಾಲದಲ್ಲಿ ಕಳ್ಳಭಟ್ಟಿ ಸಾಗಿಸುವವರಿಗೂ ಅವರನ್ನು ಹಿಡಿಯುವ ಕರಾವಳಿ ಪಡೆಗೂ ವೇಗದ ದೋಣಿಗಳನ್ನು ಮಾಡಿಕೊಟ್ಟನೆಂಬ ವದಂತಿಯೂ ಉಂಟು. ನಿಜವೇ ಆಗಿದ್ದರೆ ಇಷ್ಟು ನಿಷ್ಪಕ್ಷಪಾತಿಯಾದ ವ್ಯಾಪಾರಿ ಇನ್ನೊಬ್ಬನಿರಲಾರ. ನಾರ್ಮಂಡಿಯ ತೀರಕ್ಕೆ ಸೈನಿಕರನ್ನು ಇಳಿಸಿದ, ಮುಂದಿನ ಬಾಗಿಲು ಧಡಾರೆಂದು ಕೆಳಗೆ ಬೀಳುವ ಆ ಚಪ್ಪಟೆ ದೋಣಿಗಳೂ ಇವನವೇ. ಯುದ್ಧ ಮುಗಿಯುವ ಹೊತ್ತಿಗೆ ಅವನ ಕಾರ್ಖಾನೆಗಳಿಂದ ಎಲ್ಲ ಬಗೆಯವೂ ಸೇರಿ ಇಪ್ಪತ್ತು ಸಾವಿರ ದೋಣಿಗಳು ಹೊರಬಿದ್ದಿದ್ದವು. ಬಣ್ಣದ ಗೋಡೆ ಎದ್ದಿದ್ದ ಅಮೆರಿಕದ ದಕ್ಷಿಣ ಸೀಮೆಯಲ್ಲಿ ಕರಿಯರು, ಬಿಳಿಯರು, ಹೆಂಗಸರು ಎಲ್ಲರನ್ನೂ ಒಂದೇ ಸೂರಿನಡಿ ದುಡಿಸಿ, ಮಾಡಿದ ಕೆಲಸ ನೋಡಿ ಕೂಲಿ ಕೊಟ್ಟ ಎಂಬ ಹೆಚ್ಚುಗಾರಿಕೆಯೂ ಅವನದು. ಸಂಗ್ರಹಾಲಯ ವಾಷಿಂಗ್ಟನ್ನಿನಲ್ಲಿರದೆ ನ್ಯೂ ಆರ್ಲಿಯನ್ಸಿನಲ್ಲಿರುವುದಕ್ಕೆ ಈ ಮನುಷ್ಯನ ದೋಣಿಗಳೇ ಕಾರಣ.

ಆದರೆ ನಾನು ಹೇಳಹೊರಟದ್ದು ಈ ದೋಣಿ ಹೇಗೆ ಹೋರಾಡಿತು ಎಂಬುದನ್ನಲ್ಲ. ಯುದ್ಧದಲ್ಲಿ ಹೋರಾಡಿದ ದೋಣಿಗಳು ಬೇಕಾದಷ್ಟಿದ್ದವು. ಅಮೆರಿಕ ಕಟ್ಟಿದ್ದೇ ಐನೂರಕ್ಕೂ ಹೆಚ್ಚು. ಅವುಗಳಲ್ಲಿ ಇವತ್ತಿಗೆ ಉಳಿದಿರುವುದು ಬೆರಳೆಣಿಕೆಯಷ್ಟು. ನನ್ನನ್ನು ಕಾಡಿದ ಪ್ರಶ್ನೆ, ಇದು ಉಳಿದದ್ದು ಹೇಗೆ?

ಏಕೆಂದರೆ ಇವನ್ನು ಉಳಿಯಲೆಂದು ಕಟ್ಟಿರಲೇ ಇಲ್ಲ. ಬೇಗ ಕಟ್ಟಬೇಕು, ಬೇಗ ಓಡಬೇಕು, ಹೋದರೆ ಹೋಗಲಿ ಎಂಬ ಲೆಕ್ಕದ ದೋಣಿಗಳು. ಫಿಲಿಪ್ಪೀನ್ಸಿನಲ್ಲಿ ಇವು ಕಾದಾಡಿದ ಕತೆ ಹೇಳುವ ಒಂದು ಪುಸ್ತಕ 1942ರಲ್ಲೇ ಬಂತು. ಖರ್ಚಾಗಿ ಹೋದರೂ ನಷ್ಟವಿಲ್ಲ ಎಂಬ ಅರ್ಥದ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಯುದ್ಧ ಮುಗಿದ ಮೇಲೆ ಆ ಲೆಕ್ಕವನ್ನು ಅಕ್ಷರಶಃ ಚುಕ್ತಾ ಮಾಡಿದರು. ಪೆಸಿಫಿಕ್ ಸಾಗರದಲ್ಲಿ ಬದುಕುಳಿದಿದ್ದ ಪಿಟಿ ದೋಣಿಗಳನ್ನು ಫಿಲಿಪ್ಪೀನ್ಸಿನ ಸಮಾರ್ ದ್ವೀಪಕ್ಕೆ ತಂದು, ಇಂಜಿನ್ನು, ಬಂದೂಕು, ರೇಡಿಯೊ ಬಿಚ್ಚಿಕೊಂಡು, ನೂರಕ್ಕೂ ಹೆಚ್ಚು ದೋಣಿಗಳನ್ನು ಮರಳಿನ ಮೇಲೆ ಸಾಲಾಗಿ ನಿಲ್ಲಿಸಿ ಬೆಂಕಿ ಇಟ್ಟರು. ಮರದ ಮೈ, ದುಬಾರಿ ಹೊಟ್ಟೆ. ಊರಿಗೆ ಸಾಗಿಸಿ ಸಾಕುವ ಖರ್ಚಿಗಿಂತ ಕಡ್ಡಿಪೆಟ್ಟಿಗೆ ಅಗ್ಗ. ಯುದ್ಧ ಬರುವ ಮೊದಲೇ ಹಿಗ್ಗಿನ್ಸ್ ಮಹಾಶಯ ಫಿಲಿಪ್ಪೀನ್ಸಿನ ಒಂದಿಡೀ ವರ್ಷದ ಮಹಾಗನಿಯನ್ನು ಕೊಂಡು ತುಂಬಿಟ್ಟಿದ್ದನೆಂದು ಹೇಳುತ್ತಾರೆ. ಆ ಕಾಡಿನ ಒಂದೆರಡು ಮರವಾದರೂ ಲೂಸಿಯಾನಕ್ಕೆ ಹೋಗಿ, ದೋಣಿಯಾಗಿ, ಯುದ್ಧ ಗೆದ್ದು, ತವರಿಗೆ ಮರಳಿ ಬೂದಿಯಾಗಿದ್ದರೆ ಆಶ್ಚರ್ಯವಿಲ್ಲ. ಶತ್ರು ಮುಳುಗಿಸಿದ ದೋಣಿಗಳಿಗಿಂತ ಸ್ವಂತ ಲೆಕ್ಕಪತ್ರದವರು ಸುಟ್ಟ ದೋಣಿಗಳೇ ಹೆಚ್ಚಾದವು.

305 ಬದುಕಿದ್ದು ಆಗ ಆ ದ್ವೀಪದಲ್ಲಿ ಇಲ್ಲದಿದ್ದುದರಿಂದ. ಮೆಡಿಟರೇನಿಯನ್ನಿನ ಕೆಲಸ ಮುಗಿಸಿ, ಪೆಸಿಫಿಕ್ಕಿಗೆ ಹೊರಡಲು ಅಮೆರಿಕಕ್ಕೆ ಬಂದು ರಿಪೇರಿ ಮಾಡಿಸಿಕೊಳ್ಳುತ್ತಿದ್ದಾಗ ಯುದ್ಧವೇ ಮುಗಿಯಿತು. ಸರ್ಕಾರ ಅದನ್ನು ಮಾರಿತು. ಅಲ್ಲಿಂದ ಈ ವೀರನ ನಿವೃತ್ತ ಜೀವನ ಶುರು. ಮೊದಲು ನ್ಯೂಯಾರ್ಕಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಊರು ತೋರಿಸುವ ದೋಣಿಯಾಯಿತು. ಆಮೇಲೆ ಮೀನು ಹಿಡಿಯುವ ಹವ್ಯಾಸಿಗಳಿಗೆ ಬಾಡಿಗೆ ಹೋಯಿತು. ಕಡೆಗೆ ಚೆಸಾಪೀಕ್ ಕೊಲ್ಲಿಗೆ ಬಂದು ಸಿಂಪಿ ಬೆಳೆಗಾರರ ಕೈಸೇರಿತು. ಸಿಂಪಿಯ ಮರಿಗಳನ್ನು ಒಂದು ಕಡೆಯಿಂದ ತುಂಬಿಕೊಂಡು ಹೋಗಿ ಬಲಿಯುವ ಜಾಗದಲ್ಲಿ ಸುರಿದು ಬರುವುದು ಕೆಲಸ. ಟಾರ್ಪಿಡೊ ಇದ್ದ ಡೆಕ್ಕಿನ ಮೇಲೆ ಈಗ ರಾಶಿ ರಾಶಿ ಸಿಂಪಿ. ಅದರ ವಾಸನೆಯ ವಿಷಯದಲ್ಲಿ ನಾನು ಮೌನವಾಗಿರುತ್ತೇನೆ. ನಮ್ಮ ಮನೆಯಲ್ಲಿ ಈರುಳ್ಳಿಗೇ ಏಕಾದಶಿಯಂದು ಪ್ರವೇಶವಿಲ್ಲ.

ಈ ಅವತಾರದಲ್ಲೇ ದೋಣಿಗೆ ಆಪತ್ತು ಬಂದದ್ದು. ಅರವತ್ತೈದು ಅಡಿಗಿಂತ ಉದ್ದದ ದೋಣಿಗೆ ಲೈಸೆನ್ಸಿರುವ ಕ್ಯಾಪ್ಟನ್ ಬೇಕೆಂಬ ನಿಯಮ ಅಡ್ಡ ಬಂತು. ಲೈಸೆನ್ಸಿರುವವನಿಗೆ ಸಂಬಳ ಕೊಡಬೇಕು. ಸಿಂಪಿಯ ಧಣಿ ಯೋಚಿಸಿದ. ಗರಗಸ ತಂದ. ದೋಣಿಯ ಹಿಂಭಾಗದ ಹದಿಮೂರು ಅಡಿಯನ್ನು ಕತ್ತರಿಸಿ ತೆಗೆದುಬಿಟ್ಟ. ಎಪ್ಪತ್ತೆಂಟರಲ್ಲಿ ಹದಿಮೂರು ಕಳೆದರೆ ಸರಿಯಾಗಿ ಅರವತ್ತೈದು. ಜರ್ಮನರ ಫಿರಂಗಿಗೆ ಬಗ್ಗದ ದೋಣಿ ಒಂದು ಸರ್ಕಾರಿ ನಿಯಮದ ಮುಂದೆ ತನ್ನ ಬೆನ್ನನ್ನೇ ಕಳೆದುಕೊಂಡಿತು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿದ್ದವನು; ನಿಯಮಕ್ಕೆ ತಕ್ಕಂತೆ ಕಡತವನ್ನು ಕತ್ತರಿಸಿದವರನ್ನು ಕಂಡಿದ್ದೇನೆ, ಸಾಲವನ್ನು ತುಂಡು ತುಂಡು ಮಾಡಿದವರನ್ನು ಕಂಡಿದ್ದೇನೆ. ನಿಯಮಕ್ಕೆ ತಕ್ಕಂತೆ ಹಡಗನ್ನೇ ಕತ್ತರಿಸಿದವನ ಮುಂದೆ ನಮ್ಮವರೆಲ್ಲ ಅಭ್ಯಾಸಿಗಳು.

ಈ ಕತೆ ಕೇಳಿದವರು ಸಾಮಾನ್ಯವಾಗಿ ಛೆ, ಛೆ ಎನ್ನುತ್ತಾರೆ. ಯುದ್ಧ ಗೆದ್ದ ದೋಣಿಗೆ ಇದೆಂಥ ಗತಿ ಎಂದು ಮರುಗುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಆ ಗರಗಸ ದೋಣಿಯನ್ನು ಕೊಂದದ್ದಲ್ಲ, ಉಳಿಸಿದ್ದು. ಉದ್ದವಾಗಿಯೇ ಇದ್ದಿದ್ದರೆ ಅದನ್ನು ಓಡಿಸುವುದು ಗಿಟ್ಟುತ್ತಿರಲಿಲ್ಲ. ಗಿಟ್ಟದ ದೋಣಿಯನ್ನು ಯಾವುದೋ ಕೆಸರು ಕಾಲುವೆಯಲ್ಲಿ ಬಿಟ್ಟುಹೋಗುತ್ತಿದ್ದರು. ಕೆಲಸಕ್ಕಿದ್ದುದರಿಂದ ಅದಕ್ಕೆ ಆಗಾಗ ಬಣ್ಣ ಬಿತ್ತು, ಬಿರುಕಿಗೆ ಮದ್ದು ಬಿತ್ತು, ಒಳಗೆ ನಿಂತ ನೀರನ್ನು ಎತ್ತಿ ಹೊರಗೆ ಚೆಲ್ಲುವ ಕೈಗಳಿದ್ದವು.

ನಮ್ಮ ಮನೆಯಲ್ಲೇ ನೋಡಿ. ತಾತನಿಗೆ ಮಹಾರಾಜರ ಕಾಲದಲ್ಲಿ ಒಂದು ಬೆಳ್ಳಿ ಪದಕ ಬಂದಿತ್ತು. ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆಯನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಒಂದು ತಗಡಿನ ಟ್ರಂಕಿನಲ್ಲಿಟ್ಟು, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ತೆಗೆದು ಕುಂಕುಮ ಹಚ್ಚುತ್ತಿದ್ದರು. ಇಷ್ಟು ಜೋಪಾನ ಮಾಡಿದ ಪದಕ ಯಾವಾಗ, ಯಾರ ಕೈಯಲ್ಲಿ ಮಾಯವಾಯಿತೋ ಇಂದಿಗೂ ಗೊತ್ತಿಲ್ಲ. ಪ್ರತಿಯೊಂದು ಮದುವೆಯಲ್ಲೂ ಒಬ್ಬೊಬ್ಬ ದಾಯಾದಿಯ ಮೇಲೆ ಅನುಮಾನ ಹೊಸದಾಗಿ ಚಿಗುರುತ್ತದೆ. ಟ್ರಂಕು ಮಾತ್ರ ಇನ್ನೂ ಇದೆ. ಅಜ್ಜಿ ಅದರಲ್ಲಿ ಹುರುಳಿ ತುಂಬಿದಳು, ಅಮ್ಮ ಹಳೇ ಸೀರೆ ತುಂಬಿದಳು, ನನ್ನ ಹೆಂಡತಿ ಅದರ ಮೇಲೆ ಇನ್‌ವರ್ಟರ್ ಇಟ್ಟಿದ್ದಾಳೆ. ಅದನ್ನು ಕಾಪಾಡಬೇಕೆಂದು ಯಾರೂ ಯೋಚಿಸಿದವರಲ್ಲ. ಅದು ಇಲ್ಲದಿದ್ದರೆ ಆಗುತ್ತಿರಲಿಲ್ಲ, ಅಷ್ಟೆ.

ಹೋಟೆಲಿಗೆ ಮರಳಿದ ಮೇಲೆ ಈ ತತ್ವ ಸರಿಯೋ ತಪ್ಪೋ ನೋಡೋಣವೆಂದು ಬೇರೆ ಟಾರ್ಪಿಡೊ ದೋಣಿಗಳ ಪೂರ್ವಾಪರ ಹುಡುಕತೊಡಗಿದೆ. ಅಂಗಡಿಬೀದಿಯಿಂದ ಬಂದ ಹೆಂಡತಿ, “ಏನ್ರೀ, ಇಷ್ಟು ದೂರ ಬಂದು ಹಳೇ ದೋಣಿ ಹಿಂದೆ ಬಿದ್ದಿದೀರಲ್ಲ, ನಮ್ಮೂರಲ್ಲಿ ಹಳೇದು ಏನೂ ಇರ್ಲಿಲ್ವಾ?” ಎಂದಳು. ಮಗಳು, “ಅಪ್ಪ ಖುಷಿಯಾಗಿದಾರೆ, ಬಿಡಮ್ಮ” ಎಂದು ನನ್ನ ಪರ ವಹಿಸಿದಳು. ಹುಡುಕಿದಷ್ಟೂ ನನ್ನ ತತ್ವಕ್ಕೆ ಸಾಕ್ಷಿಗಳು ಸಿಗುತ್ತಾ ಹೋದವು. ತತ್ವ ಮೊದಲು ಹೊಳೆದು ಆಮೇಲೆ ಸಾಕ್ಷಿ ಹುಡುಕಿದರೆ ಯಾವಾಗಲೂ ಹೀಗೆಯೇ ಆಗುತ್ತದೆ ಎಂಬುದನ್ನು ಸದ್ಯಕ್ಕೆ ಮರೆಯೋಣ.

ಇಂಗ್ಲೆಂಡಿನಲ್ಲಿ ಎಂಟಿಬಿ-102 ಎಂಬ ದೋಣಿಯಿದೆ. ವೋಸ್ಪರ್ ಕಂಪನಿ 1937ರಲ್ಲಿ ಕಟ್ಟಿದ್ದು, 68 ಅಡಿ ಉದ್ದ. ಬ್ರಿಟಿಷ್ ನೌಕಾಪಡೆಯ ಈ ದೋಣಿಗೆ ಇಂಜಿನ್ನು ಬಂದದ್ದು ಇಟಲಿಯಿಂದ. ಕೆಲವೇ ವರ್ಷಗಳಲ್ಲಿ ಇಟಲಿ ಶತ್ರುವಾಗಿ ಎದುರಿಗೆ ನಿಂತಿತು. ಸ್ಪೇರ್ ಪಾರ್ಟಿಗೆ ಆಮೇಲೆ ಯಾರನ್ನು ಕೇಳಿದರೋ! 1940ರಲ್ಲಿ ಡನ್‌ಕರ್ಕಿನ ಮರಳ ಮೇಲೆ ಸಿಕ್ಕಿಬಿದ್ದ ಸೈನಿಕರನ್ನು ಕರೆತರಲು ಇದು ಕಡಲು ದಾಟಿ ಎಂಟು ಸಲ ಹೋಯಿತು. ಅಲ್ಲಿ ಕಾರ್ಯಾಚರಣೆ ನಡೆಸುತ್ತಿದ್ದ ರಿಯರ್ ಅಡ್ಮಿರಲ್ ವೇಕ್-ವಾಕರ್ ಇದ್ದ ಕೀತ್ ಎಂಬ ದೊಡ್ಡ ಹಡಗು ಮುಳುಗಿತು. ಅವರು ಬಂದು ಈ ಪುಟ್ಟ ದೋಣಿ ಹತ್ತಿದರು. ಅಡ್ಮಿರಲ್ ಇದ್ದ ಹಡಗಿನಲ್ಲಿ ಅಡ್ಮಿರಲ್ಲಿನ ಬಾವುಟ ಹಾರಲೇಬೇಕು, ಅದು ಶಾಸ್ತ್ರ. ಬಾವುಟ ಎಲ್ಲಿಂದ ತರುವುದು? ಅಡಿಗೆಮನೆಯ ಪಾತ್ರೆ ಒರೆಸುವ ಬಟ್ಟೆ ತೆಗೆದುಕೊಂಡು, ಅದರ ಮೇಲೆ ಕೆಂಪು ಬಣ್ಣದಲ್ಲಿ ಶಿಲುಬೆ ಬರೆದು ಏರಿಸಿದರು. ಮೇಲೆ ಬಾಂಬು ಬೀಳುತ್ತಿರುವಾಗಲೂ ಶಿಷ್ಟಾಚಾರ ಬಿಡದ ಈ ಜನ ನಮ್ಮನ್ನು ಅಷ್ಟು ಕಾಲ ಆಳಿದ್ದರಲ್ಲಿ ಸೋಜಿಗವಿಲ್ಲ. ಇದೇ ದೋಣಿ 1944ರಲ್ಲಿ ಚರ್ಚಿಲ್ ಹಾಗೂ ಐಸೆನ್‌ಹೋವರ್ ಇಬ್ಬರನ್ನೂ ಕೂರಿಸಿಕೊಂಡು, ನಾರ್ಮಂಡಿಗೆ ಹೊರಡಲಿದ್ದ ಹಡಗುಗಳ ದಂಡನ್ನು ತೋರಿಸಿತು.

ಇಷ್ಟೆಲ್ಲ ಮಾಡಿದ ದೋಣಿಯನ್ನು ಯಾವ ರಾಷ್ಟ್ರೀಯ ಸ್ಮಾರಕದಲ್ಲಿಟ್ಟು ಕಾದರು? ಎಲ್ಲಿಯೂ ಇಲ್ಲ. ಮಾರಿದರು. ಯಾರೋ ಅದನ್ನು ವಿಹಾರದ ದೋಣಿ ಮಾಡಿಕೊಂಡರು. 1973ರಲ್ಲಿ ನಾರ್ಫೋಕಿನ ಒಂದು ಹಳ್ಳಿಯ ಸ್ಕೌಟ್ ಹುಡುಗರು ತಮ್ಮ ಸಭೆ ಸೇರುವುದಕ್ಕೆಂದು ಇಟ್ಟುಕೊಂಡರು. ಚರ್ಚಿಲ್ ಕೂತಿದ್ದ ಜಾಗದಲ್ಲಿ ಕೂತು ಹತ್ತು ವರ್ಷದ ಹುಡುಗರು ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿತರು. ಅಷ್ಟರಲ್ಲಿ ಒಂದು ಸಿನಿಮಾದವರಿಗೆ ಯುದ್ಧದ ಕಾಲದ ದೋಣಿ ಬೇಕಾಯಿತು. 1976ರಲ್ಲಿ ಬಂದ ದಿ ಈಗಲ್ ಹ್ಯಾಸ್ ಲ್ಯಾಂಡೆಡ್ ಚಿತ್ರಕ್ಕಾಗಿ ದೋಣಿಯ ಜೀರ್ಣೋದ್ಧಾರವಾಯಿತು. ಅಂದರೆ ಇದಕ್ಕೆ ಮರುಜನ್ಮ ಕೊಟ್ಟದ್ದು ನೌಕಾಪಡೆಯಲ್ಲ, ಸ್ಕೌಟು ಮತ್ತು ಸಿನಿಮಾ. ಈ ದೋಣಿ ಈಗಲೂ ಲೋಸ್ಟಾಫ್ಟಿನ ಕಡೆ ನೀರಿನ ಮೇಲಿದೆ.

ಟಾರ್ಪಿಡೊ ದೋಣಿ ಎಂದಮೇಲೆ, ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಕೆನಡಿಯ ಮಾತು ಬಾರದೆ ಇರುವುದಿಲ್ಲ. 1943ರ ಆಗಸ್ಟ್ 2ರ ನಡುರಾತ್ರಿ, ಸಾಲೊಮನ್ ದ್ವೀಪಗಳ ಹತ್ತಿರ, ಅವನ ಪಿಟಿ-109 ನೊರೆಗೆರೆ ಕಾಣಬಾರದೆಂದು ಒಂದೇ ಇಂಜಿನ್ನಿನಲ್ಲಿ ನಿಧಾನವಾಗಿ ಚಲಿಸುತ್ತಿದ್ದಾಗ ಜಪಾನಿನ ಅಮಾಗಿರಿ ಎಂಬ ಹಡಗು ಬಂದು ಡಿಕ್ಕಿ ಹೊಡೆದು ಎರಡು ತುಂಡು ಮಾಡಿತು. ಇಬ್ಬರು ಸತ್ತರು, ಹನ್ನೊಂದು ಜನ ಉಳಿದರು. ಗಾಯಗೊಂಡ ಜೊತೆಗಾರನ ಜೀವರಕ್ಷಕ ಅಂಗಿಯ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆನಡಿ ದ್ವೀಪದ ತನಕ ಈಜಿದ. ಅಲ್ಲಿ ಇವರನ್ನು ಕಂಡವರು ಬಿಯುಕು ಗಾಸ ಹಾಗೂ ಎರೋನಿ ಕುಮಾನ ಎಂಬ ಇಬ್ಬರು ದ್ವೀಪವಾಸಿ ತರುಣರು. ಸುದ್ದಿ ಕಳಿಸಲು ಕಾಗದವಿಲ್ಲ. ಕೆನಡಿ ತೆಂಗಿನಕಾಯಿಯ ಮೇಲೆ ಚಾಕುವಿನಿಂದ ಒಕ್ಕಣೆ ಕೊರೆದುಕೊಟ್ಟ. ಅವರಿಬ್ಬರೂ ಅದನ್ನು ಮರದ ದೋಣಿಯಲ್ಲಿಟ್ಟುಕೊಂಡು, ಜಪಾನೀಯರ ಕಣ್ಣು ತಪ್ಪಿಸಿ ಹುಟ್ಟು ಹಾಕುತ್ತಾ ಹೋಗಿ ತಲುಪಿಸಿದರು. ತೆಂಗಿನ ಗರಿ, ನಾರು, ಚಿಪ್ಪು ಯಾವುದನ್ನೂ ಬಿಡದೆ ಬಳಸುವ ನಮಗೂ ಅದನ್ನು ಅಂಚೆ ಕಾಗದವಾಗಿ ಬಳಸಬಹುದೆಂದು ಹೊಳೆದಿರಲಿಲ್ಲ. ಆ ಚಿಪ್ಪು ಮುಂದೆ ಅಧ್ಯಕ್ಷರ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಡುವ ಭಾರವಾಗಿ ಕೂತಿತ್ತು. ಈಗ ಬಾಸ್ಟನ್ನಿನ ಕೆನಡಿ ಗ್ರಂಥಾಲಯದಲ್ಲಿದೆ. ನೀವು ಶೂರರಾದದ್ದು ಹೇಗೆ ಎಂದು ಯಾರೋ ಕೇಳಿದ್ದಕ್ಕೆ, ನನ್ನ ಇಚ್ಛೆಯೇನೂ ಇರಲಿಲ್ಲ, ಅವರು ನನ್ನ ದೋಣಿ ಮುಳುಗಿಸಿದರು ಎಂಬರ್ಥದ ಉತ್ತರ ಕೊಟ್ಟನಂತೆ. ಇಷ್ಟು ಸತ್ಯ ಹೇಳಿಯೂ ಚುನಾವಣೆ ಗೆದ್ದವರು ಅಪರೂಪ.

109 ಸಮುದ್ರದ ತಳ ಸೇರಿತ್ತಷ್ಟೆ. ಆದರೆ 1961ರ ಜನವರಿ 20ರಂದು ಕೆನಡಿಯ ಪ್ರಮಾಣವಚನದ ಮೆರವಣಿಗೆಯಲ್ಲಿ ಆ ದೋಣಿ ಬೇಕೇಬೇಕು ಎಂದಾಯಿತು. ನೌಕಾಪಡೆಯಲ್ಲಿ ಪಿಟಿ-796 ಎಂಬ ಇನ್ನೊಂದು ದೋಣಿ ಇತ್ತು. ಅದೂ ಹಿಗ್ಗಿನ್ಸನದೇ, ಯುದ್ಧದ ಕೊನೆಗಾಲದಲ್ಲಿ ಕಟ್ಟಿದ್ದು. ಅದರ ಮೇಲೆ 109 ಎಂದು ಬಣ್ಣದಲ್ಲಿ ಬರೆದು, ಹಳೆಯ ನಾವಿಕರನ್ನೇ ಹತ್ತಿಸಿ, ಬೀದಿಯಲ್ಲಿ ಮೆರೆಸಿದರು. ಇದಕ್ಕೆ ಯಾರೂ ಆಕ್ಷೇಪಿಸಲಿಲ್ಲ. ಈ ಪಾತ್ರಧಾರಿ ಈಗ ಮಸಾಚುಸೆಟ್ಸಿನ ಫಾಲ್ ರಿವರ್ ಊರಿನ ಬ್ಯಾಟಲ್‌ಶಿಪ್ ಕೋವಿನಲ್ಲಿದೆ. ಪಕ್ಕದಲ್ಲೇ ಪಿಟಿ-617, ಅದು ಕೆನಡಿಯ ದೋಣಿಯ ಜಾತಿಯದೇ, ಎಲ್ಕೊ ಕಂಪನಿಯ 80 ಅಡಿಯ ದೋಣಿ. ಕೆನಡಿ ಆಮೇಲೆ ನಡೆಸಿದ ಪಿಟಿ-59ರ ಕತೆಯಂತೂ ಇನ್ನೂ ವಿಚಿತ್ರ. ಮೀನಿನ ದೋಣಿಯಾಗಿ, ಜನ ವಾಸಿಸುವ ಮನೆದೋಣಿಯಾಗಿ, ಕಡೆಗೆ ನ್ಯೂಯಾರ್ಕಿನ ಹಾರ್ಲೆಮ್ ನದಿಯ ಕೆಸರಲ್ಲಿ ಹೂತುಹೋಗಿ, ಅದರದ್ದೇ ಎಂದು ನಂಬಲಾದ ಅವಶೇಷಗಳು 2020ರಲ್ಲಿ ಮೇಲೆ ಬಂದವು. ಕೆಲಸ ಇರುವ ತನಕ ತೇಲಿತು, ಕೆಲಸ ತಪ್ಪಿದ ಮೇಲೆ ಮುಳುಗಿತು. ನನ್ನ ಸಾಕ್ಷಿಗಳಲ್ಲಿ ಇದು ಉತ್ತಮ ಸಾಕ್ಷಿ.

ಹಾಗೆಂದು ಬರಿಯ ದುಡಿಮೆಯೇ ಎಲ್ಲವನ್ನೂ ಉಳಿಸುತ್ತದೆ ಎಂದು ವಾದಿಸಿದರೆ ಅದು ಧಣಿಗಳ ಪರವಾದ ತತ್ವವಾದೀತು. ದುಡಿಮೆ ದೋಣಿಯನ್ನು ಬಾಗಿಲ ತನಕ ತಂದು ಬಿಡುತ್ತದೆ, ಅಷ್ಟೆ. ಬಾಗಿಲು ತೆರೆಯಲು ಒಳಗೆ ಯಾರಾದರೂ ಇರಬೇಕು. 305 ಸಿಂಪಿ ಹೊತ್ತು ಸವೆದು, ಕೈ ಬದಲಾಗಿ, ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿಗೆ ಬಂದಿತ್ತು. ಅಲ್ಲಿಂದ 2007ರಲ್ಲಿ ನ್ಯೂ ಆರ್ಲಿಯನ್ಸಿನ ಸಂಗ್ರಹಾಲಯ ಅದನ್ನು ಪಡೆಯುವ ಹೊತ್ತಿಗೆ ಬಾಲ ಮೊಟಕು, ಮರ ಲಡ್ಡು. ಅದನ್ನು ಮೇಲೆತ್ತಿದ್ದು ಸ್ವಯಂಸೇವಕರು. ಇನ್ನೂರಕ್ಕೂ ಹೆಚ್ಚು ಜನ, ಹತ್ತು ವರ್ಷದ ಹತ್ತಿರ, ಒಂದು ಲಕ್ಷ ಗಂಟೆಗೂ ಮಿಕ್ಕಿ ದುಡಿದರು. ಕಾಣೆಯಾಗಿದ್ದ ಹದಿಮೂರು ಅಡಿಯನ್ನು ಹಲಗೆ ಹಲಗೆಯಾಗಿ ಹೊಸದಾಗಿ ಕಟ್ಟಿದರು. 2017ರಲ್ಲಿ ದೋಣಿ ಪಾಂಚರ್‌ಟ್ರೇನ್ ಸರೋವರಕ್ಕೆ ಇಳಿದು, ಟಿಕೆಟ್ ಕೊಂಡ ಜನರನ್ನು ಕೂರಿಸಿಕೊಂಡು ಓಡಾಡಿತು. ಯುದ್ಧಕ್ಕೆ ಕಳಿಸುವ ಮುಂಚೆ ಹಿಗ್ಗಿನ್ಸನ ದೋಣಿಗಳನ್ನು ಪರೀಕ್ಷೆಗೆ ಬಿಡುತ್ತಿದ್ದುದೂ ಅದೇ ಸರೋವರದಲ್ಲಿ. ಕೆಲವು ವರ್ಷ ಓಡಿ, ಈಗ ಮತ್ತೆ ಸೂರಿನಡಿ ಬಂದಿದೆ.

ಆರೆಗಾನಿನ ಪೋರ್ಟ್‌ಲೆಂಡಿನಲ್ಲಿ ಪಿಟಿ-658 ಎಂಬುದಿದೆ. ಅದು ತಯಾರಾಗಿ ಹೊರಬರುವಷ್ಟರಲ್ಲಿ ಯುದ್ಧವೇ ಮುಗಿಯುತ್ತಾ ಬಂದಿತ್ತು. ಒಂದು ಗುಂಡನ್ನೂ ಶತ್ರುವಿನ ಮೇಲೆ ಹಾರಿಸಿದ್ದಲ್ಲ. ಅದನ್ನು ದುರಸ್ತಿ ಮಾಡಲು ಮುಂದಾದವರಲ್ಲಿ ಬಹಳ ಮಂದಿ ಯೌವನದಲ್ಲಿ ಪಿಟಿ ದೋಣಿಗಳಲ್ಲೇ ಇದ್ದ ಮುದುಕರು. ಮೂರು ಪ್ಯಾಕಾರ್ಡ್ ಇಂಜಿನ್ನುಗಳೂ ಮತ್ತೆ ಗುಡುಗುವಂತೆ ಮಾಡಿದರು. ಅವರ ಹೆಂಡತಿಯರು ಇದರ ಬಗ್ಗೆ ಏನೆಂದರೋ ಎಲ್ಲಿಯೂ ದಾಖಲಾಗಿಲ್ಲ. ಗಂಡ ಬೆಳಗ್ಗೆ ಹೋಗಿ ಸಂಜೆ ಗ್ರೀಸು ಮೆತ್ತಿಕೊಂಡು ಬಂದರೂ, ಇಡೀ ದಿನ ಮನೆಯಲ್ಲಿ ಇರಲಿಲ್ಲವಲ್ಲ ಎಂಬ ಸಮಾಧಾನ ಇದ್ದೀತು. ದೋಣಿಗೆ ಕೆಲಸ ಬೇಕಿತ್ತು, ಅವರಿಗೂ ಬೇಕಿತ್ತು. ಯಾರು ಯಾರನ್ನು ದುರಸ್ತಿ ಮಾಡಿದರು ಎಂಬುದು ಬಗೆಹರಿಯುವ ಪ್ರಶ್ನೆಯಲ್ಲ.

ನಮ್ಮೂರಲ್ಲಿ ಹಳೇದು ಏನೂ ಇರಲಿಲ್ಲವೇ ಎಂದು ಹೆಂಡತಿ ಕೇಳಿದ್ದಕ್ಕೆ ಉತ್ತರ ಕಾರವಾರದಲ್ಲಿದೆ. ರವೀಂದ್ರನಾಥ ಟ್ಯಾಗೋರ್ ಕಡಲತೀರದ ಮರಳಿನ ಬದಿಯಲ್ಲಿ ಐಎನ್‌ಎಸ್ ಚಾಪೆಲ್ ನಿಂತಿದೆ. ಇದು ಟಾರ್ಪಿಡೊ ದೋಣಿಯಲ್ಲ, ಕ್ಷಿಪಣಿ ದೋಣಿ. ಆದರೆ ವಂಶ ಅದೇ. ಸೋವಿಯತ್ತರು ತಮ್ಮ ಟಾರ್ಪಿಡೊ ದೋಣಿಯ ಮೈಯ ಮೇಲೆ ಕ್ಷಿಪಣಿ ಕೂರಿಸಿ ಮೊದಲ ಪೀಳಿಗೆ ತಯಾರಿಸಿದರು, ಇದು ಅದರ ಮುಂದಿನ ಪೀಳಿಗೆ. ಸಣ್ಣ ದೋಣಿ ದೊಡ್ಡ ಹಡಗನ್ನು ಹೊಡೆದು ಓಡಿಬರಬೇಕೆಂಬ ಹಳೆಯ ಉಪಾಯವೇ ಇಲ್ಲೂ. 1971ರ ಡಿಸೆಂಬರ್ 4ರ ರಾತ್ರಿ ನಿಪಟ್, ನಿರ್ಘಟ್, ವೀರ್ ಎಂಬ ಇಂಥ ಮೂರು ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದ್ದರ ನೆನಪಿಗೇ ನಾವು ಆ ದಿನವನ್ನು ನೌಕಾಪಡೆ ದಿನವೆಂದು ಆಚರಿಸುವುದು. ಚಾಪೆಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ, ಯುದ್ಧ ಮುಗಿದು ಐದು ವರ್ಷದ ಮೇಲೆ. ಆದರೂ ಕಡಲತೀರದಲ್ಲಿ ಯಾರನ್ನಾದರೂ ಕೇಳಿ, ಕರಾಚಿಗೆ ಬೆಂಕಿ ಇಟ್ಟದ್ದು ಇದೇ ಸ್ವಾಮಿ ಎಂದು ಎದೆ ತಟ್ಟಿ ಹೇಳುವವರು ಸಿಗುತ್ತಾರೆ. ಅಮೆರಿಕದಲ್ಲಿ 796 ಮಾಡಿದ ಪಾತ್ರವನ್ನೇ ಇಲ್ಲಿ ಚಾಪೆಲ್ ಮಾಡುತ್ತಿದೆ. ಅವರು ಬಣ್ಣ ಬಳಿಯಬೇಕಾಯಿತು, ನಮ್ಮವರಿಗೆ ಮಾತೇ ಸಾಕಾಯಿತು.

2005ರಲ್ಲಿ ನಿವೃತ್ತಿಯಾಗಿ ಅದು ಮರಳಿಗೆ ಬಂದು ನಿಂತ ಮೇಲೆ ಅದರ ಹೊಣೆ ಹಗುರವಾಗಿದೆ. ಒಳಗೆ ಸಮವಸ್ತ್ರ ತೊಟ್ಟ ಬೊಂಬೆಗಳು ಡ್ಯೂಟಿ ಮಾಡುತ್ತವೆ. ಹೊರಗೆ ಕಡಲ ಗಾಳಿ ದಿನದ ಮೂರು ಪಾಳಿಯಲ್ಲೂ ಉಪ್ಪು ತಂದು ಬಳಿಯುತ್ತದೆ. ಎರಡು ವರ್ಷ ಬಾಳಿದರೆ ಸಾಕೆಂದು ಕಟ್ಟಿದ ಮರದ ದೋಣಿ ಎಂಬತ್ತು ದಾಟಿಯೂ ಗಟ್ಟಿಯಾಗಿದೆ; ಉಕ್ಕಿನ ಚಾಪೆಲ್ಲಿಗೆ ಆಗಾಗ ಬಣ್ಣ ಬಳಿಯದಿದ್ದರೆ ಗತಿಯಿಲ್ಲ. ಕಡಲಿನಲ್ಲಿ ಓಡುವಾಗಲೂ ಅದೇ ಉಪ್ಪು ಇತ್ತು. ಆಗ ಮಾತ್ರ ಅದನ್ನು ದಿನಾ ಉಜ್ಜುವ ಕೈಗಳಿದ್ದವು.

ಅಲ್ಲಿಂದ ಸ್ವಲ್ಪ ದೂರ ಹೋದರೆ ಬೈತಖೋಲ್ ಬಂದರು. ಅಲ್ಲಿ ಮೀನಿನ ದೋಣಿಗಳು ಬಂಗಡೆ, ತಾರ್ಲೆ ತುಂಬಿಕೊಂಡು ಬಂದು ಬುಟ್ಟಿಗಟ್ಟಲೆ ಇಳಿಸುತ್ತವೆ. ಒಬ್ಬ ಇಂಜಿನ್ನಿಗೆ ಬೈಯುತ್ತಿರುತ್ತಾನೆ, ಇನ್ನೊಬ್ಬ ಹಲಗೆಯ ಸಂದಿಗೆ ಏನನ್ನೋ ತುಂಬುತ್ತಿರುತ್ತಾನೆ, ಮತ್ತೊಬ್ಬ ದೋಣಿಯ ಮೂತಿಗೆ ಹೊಸದಾಗಿ ದೇವರ ಹೆಸರು ಬರೆಯುತ್ತಿರುತ್ತಾನೆ. ಎಂಬತ್ತು ವರ್ಷದ ನಂತರ ನಮ್ಮ ಮೊಮ್ಮಕ್ಕಳ ಮಕ್ಕಳು ಟಿಕೆಟ್ ಕೊಂಡು ನೋಡಬೇಕಾದ ದೋಣಿ ಯಾವುದಾದರೂ ಇದ್ದರೆ ಅದು ಇವುಗಳಲ್ಲೇ ಒಂದಿರಬಹುದು. ಯಾವುದೆಂದು ಈಗಲೇ ಗೊತ್ತಾಗದಿರುವುದು ಅದರ ಪುಣ್ಯ. ಗೊತ್ತಾದರೆ ಬಂಗಡೆ ಇಳಿಸುವುದನ್ನು ನಿಲ್ಲಿಸಿ, ಸುತ್ತ ಬೇಲಿ ಹಾಕಿ, ಅದನ್ನು ಸಂರಕ್ಷಿಸುವುದು ಹೇಗೆಂದು ಒಂದು ಸಮಿತಿ ರಚಿಸಿಬಿಡುತ್ತಾರೆ.